ಕೋಡಿಯ ನೀರಿಗೆ ಕಾರಣವಾವುದು?

ಬಯಲುಸೀಮೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಕೆರೆ ಕೋಡಿ ಬೀಳುವ ದಿನವೆಂಬುದು ಪಂಚಾಂಗದಲ್ಲಿ ಅಚ್ಚಾಗದ ಒಂದು ಮಹಾಪರ್ವ. ಹುಬ್ಬೆ ಉತ್ತರೆಗಳಲ್ಲಿ ಬಿಟ್ಟು ಬಿಟ್ಟು ಸುರಿದು, ಹಸ್ತದಲ್ಲಿ ಮೂರು ದಿನ ಎಡೆಬಿಡದೆ ಹೊಯ್ದು, ಕೊನೆಗೆ ಚಿತ್ತೆಯ ಒಂದು ರಾತ್ರಿ ಗುಡುಗು ಸಿಡಿಲುಗಳೊಡನೆ ಬಂದ ಮಳೆಯು ಬೆಳಗಿನ ಜಾವಕ್ಕೆ ಕೆರೆಯ ನೀರನ್ನು ಕೋಡಿಗಲ್ಲಿನ ನೆತ್ತಿಯ ಮೇಲಕ್ಕೆ ಏರಿಸಿತೆಂದರೆ, ಊರಿಗೆ ಊರೇ ಏರಿಯ ಮೇಲೆ ನೆರೆಯುತ್ತಿತ್ತು. ನಾನು ಹುಡುಗನಾಗಿದ್ದಾಗ ಅಂಥದೊಂದು ಬೆಳಗಿನಲ್ಲಿ ನಮ್ಮ ಅಜ್ಜ ಕೈಮುಗಿದು ನಿಂತು, "ಅಂತೂ ಚಿತ್ತೆ ಮಳೆ ಕೋಡಿ ಬೀಳಿಸಿತು" ಎಂದು ಸಂತೋಷದಿಂದ ಹೇಳಿದರು. ಪಕ್ಕದಲ್ಲಿ ಕಂಬಳಿ ಹೊದ್ದು ನಿಂತಿದ್ದ ನೀರುಗಂಟಿ ಮೆಲ್ಲಗೆ ತಲೆಯಾಡಿಸಿ, "ಚಿತ್ತೆ ಬಂದು ಬಾಗ್ಲು ತಗೀತು ಅಷ್ಟೆ ಸ್ವಾಮಿ, ಮನೆ ತುಂಬಿದ್ದು ಹುಬ್ಬೇಲಿ" ಎಂದ.

ಅಂದು ಅದು ನನಗೆ ಮಾತಿನ ಚಮತ್ಕಾರವಾಗಿ ಮಾತ್ರ ಕಂಡಿತ್ತು. ಮುಂದೆ ತರ್ಕವನ್ನೂ ವೇದಾಂತವನ್ನೂ ಅಷ್ಟಿಷ್ಟು ಓದಿ, ಯಂತ್ರಶಾಸ್ತ್ರಜ್ಞರ ಕೆಲವು ಗ್ರಂಥಗಳನ್ನೂ ತಿರುವಿಹಾಕಿದ ಮೇಲೆ, ಕಾರ್ಯಕಾರಣವೆಂಬ ಮಹಾಪ್ರಶ್ನೆಯ ತಿರುಳು ಆ ಇಬ್ಬರ ಮಾತುಗಳ ನಡುವಣ ಅಂತರದಲ್ಲಿಯೇ ಅಡಗಿದೆಯೆಂಬುದು ನನಗೆ ದೃಢವಾಗಿದೆ. ಒಂದು ಕಾಲದಲ್ಲಿ ಒಳಕ್ಕೆ ಬಂದುದನ್ನು ಕೂಡಿಟ್ಟುಕೊಂಡು ಇನ್ನೊಂದು ಕಾಲದಲ್ಲಿ ಹೊರಕ್ಕೆ ಬಿಡುವ ವಸ್ತುವೊಂದಿರುವಾಗ, ಅದು ಕೆರೆಯಾಗಲಿ, ಯಂತ್ರವಾಗಲಿ, ದೇಹವಾಗಲಿ, ಜೀವಾತ್ಮನೇ ಆಗಲಿ, ಹೊರಬಂದುದಕ್ಕೆ ಕಾರಣವೆಂದು ನಾವು ಬೆರಳು ತೋರಿಸಬೇಕಾದುದು ಯಾವುದರ ಕಡೆಗೆ? ಈಗ ತಾನೇ ಒಳಹೊಕ್ಕುದರ ಕಡೆಗೋ, ಹಿಂದೆಂದೋ ಹೊಕ್ಕು ಕಣ್ಣಿಗೆ ಮರೆಯಾದುದರ ಕಡೆಗೋ, ಅಥವಾ ಎರಡನ್ನೂ ತನ್ನೊಳಗೆ ಧರಿಸಿಕೊಂಡಿರುವ ಆ ವಸ್ತುವಿನ ಕಡೆಗೋ?

ನಮ್ಮ ನೈಯಾಯಿಕರು ಈ ವಿಷಯದಲ್ಲಿ ಪಟ್ಟ ಶ್ರಮ ಅಸಾಧಾರಣವಾದುದು. ಕಾರ್ಯಕ್ಕೆ ನಿಯತವಾಗಿ ಮುನ್ನ ಇರತಕ್ಕದ್ದು, ಮತ್ತು ಬೇರೊಂದರ ಮೂಲಕವೇ ಕಾರ್ಯ ಸಿದ್ಧಿಸಿ ತಾನು ವ್ಯರ್ಥವಾಗದಿರತಕ್ಕದ್ದು, ಅದೇ ಕಾರಣವೆಂಬುದು ಅವರ ಲಕ್ಷಣ. ಈ ಎರಡನೆಯ ನಿಬಂಧನೆಯನ್ನು ಕಾಪಾಡುವುದಕ್ಕಾಗಿ ಅವರು 'ಅನ್ಯಥಾಸಿದ್ಧ'ಗಳೆಂಬ ಒಂದು ಪಟ್ಟಿಯನ್ನೇ ಮಾಡಿದರು. ವಿಶ್ವನಾಥನ ಭಾಷಾಪರಿಚ್ಛೇದದಲ್ಲಿ ಅವು ಐದು. ಕುಂಬಾರನ ದಂಡವು ಗಡಿಗೆಗೆ ಕಾರಣ. ಆದರೆ ದಂಡದ ಬಣ್ಣವು ಕಾರಣವಲ್ಲ. ಕುಂಬಾರನು ಕಾರಣ, ಆದರೆ ಕುಂಬಾರನ ತಂದೆಯು ಗಡಿಗೆಗೆ ಕಾರಣವಲ್ಲ. ಮಣ್ಣನ್ನು ಹೊತ್ತು ತಂದ ಕತ್ತೆಯು ಗಡಿಗೆ ಹುಟ್ಟುವ ಮುನ್ನ ಅಂಗಳದಲ್ಲಿ ನಿಂತಿದ್ದರೂ, ಕತ್ತೆಯಿಲ್ಲದೆ ಗಾಡಿಯಲ್ಲಿ ಮಣ್ಣು ಬಂದರೂ ಗಡಿಗೆ ಆಗುವುದರಿಂದ, ಅದೂ ಕಾರಣವಲ್ಲ. ಜಗತ್ತಿನ ಯಾವ ತತ್ತ್ವಶಾಸ್ತ್ರವೂ ಮುನ್ನ ಇರುವುದಕ್ಕೂ ಕಾರಣವಾಗುವುದಕ್ಕೂ ಇರುವ ಭೇದವನ್ನು ಇಷ್ಟು ನಿಷ್ಕೃಷ್ಟವಾಗಿ ಪಾಠಶಾಲೆಯ ಬಾಲಕರಿಗೂ ತಿಳಿಯುವಂತೆ ಹೇಳಿದ್ದನ್ನು ನಾನು ಕಂಡಿಲ್ಲ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮನು 1748ರ ತನ್ನ ಗ್ರಂಥದಲ್ಲಿ ಒಂದು ಚೆಂಡು ಇನ್ನೊಂದು ಚೆಂಡನ್ನು ತಾಗುವ ಉದಾಹರಣೆಯನ್ನು ಹಿಡಿದು, ಮೊದಲು ಒಂದು, ಬಳಿಕ ಇನ್ನೊಂದು ಎಂಬುದರ ಹೊರತು ನಾವು ಬೇರಾವ ಬಂಧವನ್ನೂ ಕಾಣಲಾರೆವೆಂದು ವಾದಿಸಿದಾಗ, ಕತ್ತೆಯನ್ನೂ ದಂಡವನ್ನೂ ಬೇರ್ಪಡಿಸುವ ಹೊಣೆಯನ್ನು ಅವನು ಅಭ್ಯಾಸಬಲದ ಮೇಲೆ ಹೊರಿಸಿಬಿಟ್ಟನು. ನಮ್ಮವರು ಅದನ್ನು ವಸ್ತುವಿನ ಮೇಲೆಯೇ ಉಳಿಸಿದರು.

ಆದರೂ ಗಡಿಗೆಯ ದೃಷ್ಟಾಂತದಲ್ಲಿ ಒಂದು ಕೊರತೆಯುಂಟು. ಗಡಿಗೆಯು ಒಮ್ಮೆ ಆಗುವ ವಸ್ತು. ಆದಮೇಲೆ ಅದರ ಕಾರಣಗಳ ವಿಚಾರ ಮುಗಿಯಿತು. ಕೆರೆಯ ಕೋಡಿಯು ಹಾಗಲ್ಲ. ಕೋಡಿಯ ಮಟ್ಟ ಹನ್ನೆರಡು ಅಡಿಯೆಂದೂ, ಕೆರೆಯಲ್ಲಿ ಈಗ ಐದು ಅಡಿ ನೀರಿದೆಯೆಂದೂ ಇಟ್ಟುಕೊಳ್ಳೋಣ. ಎರಡಂಗುಲ ಮಳೆ ಬಂದರೆ ಕೋಡಿಗಲ್ಲು ಒದ್ದೆಯಾಗದು. ಅದೇ ಎರಡಂಗುಲ ಮಳೆ, ಅದೇ ಹಳ್ಳಗಳ ಮೂಲಕ, ಹನ್ನೊಂದೂಮುಕ್ಕಾಲು ಅಡಿ ನೀರಿರುವ ದಿನ ಬಂದರೆ ಕೋಡಿ ಭೋರ್ಗರೆಯುತ್ತದೆ. ಒಳಹರಿವು ಒಂದೇ, ಹೊರಹರಿವು ಮಾತ್ರ ಭಿನ್ನ. ಕಾರಣವಿದ್ದೂ ಕಾರ್ಯವಿಲ್ಲದಿರುವುದೂ, ಅಲ್ಪಕಾರಣಕ್ಕೆ ಮಹಾಕಾರ್ಯ ಒದಗುವುದೂ ಇಲ್ಲಿ ನಿತ್ಯದ ಸಂಗತಿ. ಎಲ್ಲ ಕಾರಣಗಳೂ ಕೂಡಿದ ಸಾಮಗ್ರಿಯೇ ಕಾರ್ಯವನ್ನು ಹುಟ್ಟಿಸುತ್ತದೆಯೆಂದು ನೈಯಾಯಿಕನು ಉತ್ತರಿಸಬಹುದು, ಮತ್ತು ಆ ಉತ್ತರ ತಪ್ಪಲ್ಲ; ಆದರೆ ಆ ಸಾಮಗ್ರಿಯೊಳಗೆ ಹಿಂದಿನ ಮಳೆಗಳೂ ಸೇರಬೇಕಲ್ಲವೆ? ಅವಾದರೋ ಎಂದೋ ನಿಂತುಹೋದವು. ಈಗ ಇಲ್ಲದುದು ಈಗಿನ ಕಾರ್ಯಕ್ಕೆ ಕಾರಣವಾಗುವುದು ಹೇಗೆ?

ಕುಂಬಾರನ ಮನೆಯಲ್ಲಿಯೇ ಇದಕ್ಕೆ ಉತ್ತರವಿತ್ತು. ಗಡಿಗೆಯ ಕಡೆಗೆ ನೋಡುತ್ತಿದ್ದ ಕಣ್ಣನ್ನು ಒಂದಿಷ್ಟು ಕೆಳಕ್ಕಿಳಿಸಿ ತಿಗರಿಯ ಕಡೆಗೆ ತಿರುಗಿಸಿದರೆ ಸಾಕು. ದಂಡದಿಂದ ಒಮ್ಮೆ ತಿರುವಿ ದಂಡವನ್ನು ತೆಗೆದಿಟ್ಟ ಮೇಲೆಯೂ ತಿಗರಿ ಸುತ್ತುತ್ತಲೇ ಇರುತ್ತದೆ. ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲಿ ಜ್ಞಾನಿಯಾದವನಿಗೂ ಶರೀರ ಕೆಲಕಾಲ ಉಳಿಯುವುದೇಕೆಂಬ ಪ್ರಶ್ನೆಗೆ ಕೊಟ್ಟಿರುವ ದೃಷ್ಟಾಂತ ಇದೇ; ಅಲ್ಲಿ ಆ ಉಳಿದ ವೇಗಕ್ಕೆ ಇಟ್ಟಿರುವ ಹೆಸರು 'ಸಂಸ್ಕಾರ'. ಈ ಪದವನ್ನು ನಾನು ಎಷ್ಟು ಸಲ ಓದಿದರೂ ಬೆರಗು ತಗ್ಗಿಲ್ಲ. ವೈಶೇಷಿಕರ ಆಚಾರ್ಯನಾದ ಪ್ರಶಸ್ತಪಾದನು ಸಂಸ್ಕಾರವೆಂಬ ಗುಣವು ಮೂರು ಬಗೆಯೆಂದು ವಿಂಗಡಿಸುತ್ತಾನೆ: ಬಿಟ್ಟ ಬಾಣವು ಬಿಲ್ಲನ್ನಗಲಿದ ಮೇಲೆಯೂ ಓಡುವಂತೆ ಮಾಡುವ ವೇಗ, ಹಿಂದೆ ಕಂಡುದನ್ನು ಜೀವನು ಮತ್ತೆ ನೆನೆಯುವಂತೆ ಮಾಡುವ ಭಾವನೆ, ಬಗ್ಗಿಸಿದ ಕೊಂಬೆಯು ಕೈಬಿಟ್ಟೊಡನೆ ಮೊದಲಿನ ನಿಲುವಿಗೆ ಮರಳುವಂತೆ ಮಾಡುವ ಸ್ಥಿತಿಸ್ಥಾಪಕ. ಬಾಣದ ಓಟ, ಮನಸ್ಸಿನ ಸ್ಮರಣೆ, ಕೊಂಬೆಯ ಚಿಮ್ಮು ಇವು ಮೂರೂ ಒಂದೇ ಜಾತಿಯವೆಂದು ಕಾಣಲು ಎಂಥ ದೃಷ್ಟಿ ಬೇಕು! ಒಳಕ್ಕೆ ಬಂದ ಪ್ರಯತ್ನವು ತಾನು ನಾಶವಾದ ಮೇಲೆಯೂ ವಸ್ತುವಿನಲ್ಲಿ ಒಂದು ವರ್ತಮಾನಗುಣವಾಗಿ ನಿಂತು, ಮುಂದಿನ ಕಾರ್ಯಕ್ಕೆ ಕಾರಣವಾಗುತ್ತದೆ. ಭೂತಕಾಲವು ಭೂತವಾಗಿಯೇ ಬಂದು ಏನನ್ನೂ ಮಾಡದು; ಸಂಸ್ಕಾರರೂಪದಿಂದ ಈಗ ಇಲ್ಲಿ ಇದ್ದರೆ ಮಾತ್ರ ಮಾಡುತ್ತದೆ.

ಮೀಮಾಂಸಕರು ಇದೇ ಕಟ್ಟಿಗೆ ಇನ್ನೊಂದು ಕಡೆಯಿಂದ ಬಂದರು. ಯಜ್ಞವು ಇಂದು ಮುಗಿದು ಬೂದಿಯಾಗುತ್ತದೆ. ಸ್ವರ್ಗವಾದರೋ ದೇಹಪಾತವಾದ ಮೇಲೆ. ನಡುವೆ ಎಷ್ಟೋ ವರ್ಷಗಳ ಬರಿದು. ವೇದವಾಕ್ಯ ಸುಳ್ಳಾಗಬಾರದಾದರೆ ಕ್ರಿಯೆಗೂ ಫಲಕ್ಕೂ ನಡುವೆ ಒಂದು ಸೇತುವೆ ಇರಲೇಬೇಕು, ಅದೇ ಅಪೂರ್ವ. ಕುಮಾರಿಲನ ಪಕ್ಷದಲ್ಲಿ ಅದು ಕರ್ತೃವಿನ ಆತ್ಮದಲ್ಲಿ ನೆಲೆಸುವ ಒಂದು ಶಕ್ತಿ. ಪ್ರಭಾಕರನ ಪಕ್ಷದಲ್ಲಿ ವಿಧಿವಾಕ್ಯವೇ ತಿಳಿಸುವ ಕಾರ್ಯ. ಆ ವಾದದ ಕವಲುಗಳೊಳಕ್ಕೆ ಇಲ್ಲಿ ಹೋಗಬೇಕಾಗಿಲ್ಲ. ಯಾವುದನ್ನು ಒಪ್ಪದಿದ್ದರೆ ಒಳಹೊಕ್ಕುದಕ್ಕೂ ಹೊರಬಿದ್ದುದಕ್ಕೂ ಸಂಬಂಧ ಹೇಳಲಾಗದೋ ಅದನ್ನು ಒಪ್ಪಲೇಬೇಕೆಂಬ ಅರ್ಥಾಪತ್ತಿಯ ಬಲದಿಂದ ಅವರು ಅಪೂರ್ವವನ್ನು ಸಾಧಿಸಿದರೆಂಬುದಷ್ಟೇ ನಮಗೆ ಮುಖ್ಯ.

ಈ ಅರ್ಥಾಪತ್ತಿಯೇ 1960ರಲ್ಲಿ ಗಣಿತದ ವೇಷದಲ್ಲಿ ಮತ್ತೆ ಕಾಣಿಸಿಕೊಂಡಿತು. ಬುಡಾಪೆಸ್ಟಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರುಡಾಲ್ಫ್ ಕಾಲ್ಮನ್ನನು ಚಲನಶೀಲ ವ್ಯವಸ್ಥೆಗಳ ವಿಚಾರದಲ್ಲಿ 'ಸ್ಥಿತಿ' ಎಂಬ ಪರಿಕಲ್ಪನೆಯನ್ನು ನಡುಮನೆಯಲ್ಲಿ ತಂದು ಕೂರಿಸಿದನು. ಅದರ ಅರ್ಥವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಇಂದಿನ ಸ್ಥಿತಿಯೊಂದು ಗೊತ್ತಾದರೆ, ಇನ್ನು ಮುಂದೆ ಒಳಬರುವುದೆಲ್ಲ ಗೊತ್ತಾದರೆ, ಮುಂದೆ ಹೊರಬರುವುದನ್ನೆಲ್ಲ ಹೇಳಬಹುದು, ಹಿಂದಿನದನ್ನು ಕೇಳಬೇಕಾಗಿಲ್ಲ. ಹಿಂದಿನದರಲ್ಲಿ ಮುಂದಕ್ಕೆ ಬೇಕಾದುದೆಲ್ಲವೂ, ಬೇಕಾದಷ್ಟು ಮಾತ್ರವೂ, ಸ್ಥಿತಿಯೊಳಗೆ ಇಳಿದುಬಂದಿರುತ್ತದೆ. ಹುಬ್ಬೆಯಲ್ಲಿ ಆರು ಅಡಿ ಬಂದು ಉತ್ತರೆಯಲ್ಲಿ ಐದು ಅಡಿ ಬಂದರೂ, ಉತ್ತರೆಯಲ್ಲೇ ಹನ್ನೊಂದು ಅಡಿ ಬಂದರೂ, ಕೆರೆಗೆ ಎರಡೂ ಒಂದೇ. ಎರಡು ಬೇರೆ ಬೇರೆ ಇತಿಹಾಸಗಳು ಒಂದು ವರ್ತಮಾನದಲ್ಲಿ ಸೇರಿ ಅಭಿನ್ನವಾಗುತ್ತವೆ. ನೀರುಗಂಟಿಯು ಬಿದಿರುಕೋಲನ್ನು ನೀರಿಗಿಳಿಸಿ ಒದ್ದೆಯಾದ ಗೆಣ್ಣನ್ನು ಮಾತ್ರ ನೋಡುತ್ತಿದ್ದುದು ಇದಕ್ಕಾಗಿಯೇ.

ಇಲ್ಲಿ ಒಂದು ಶಂಕೆ ಹುಟ್ಟುತ್ತದೆ. ಕಾರಣವನ್ನು ಹೀಗೆ ಸ್ಥಿತಿಯೊಳಗೆ ಅಡಗಿಸಿದ ಮೇಲೆ, ಒಳಹರಿವಿಗೂ ಹೊರಹರಿವಿಗೂ ಇರುವ ಸಂಬಂಧವನ್ನು ಪರೀಕ್ಷಿಸುವುದು ಹೇಗೆ? ಕಾಲಕ್ರಮವೊಂದನ್ನೇ ನಂಬಬಹುದೆ? ಬ್ರಿಟನ್ನಿನವನಾದ ಕ್ಲೈವ್ ಗ್ರೇಂಜರನು 1969ರಲ್ಲಿ ಒಂದು ಪರೀಕ್ಷೆಯನ್ನು ಸೂಚಿಸಿದನು. ಅರ್ಥಶಾಸ್ತ್ರಜ್ಞರು ಅದನ್ನು ಬಹಳವಾಗಿ ಬಳಸಿದ್ದಾರೆ. ಎರಡು ಪ್ರವಾಹಗಳಿರುವಲ್ಲಿ, ಎರಡನೆಯದರ ಹಿಂದಿನ ಲೆಕ್ಕವನ್ನೆಲ್ಲ ತಿಳಿದಿದ್ದರೂ, ಮೊದಲನೆಯದರ ಹಿಂದಿನ ಲೆಕ್ಕವನ್ನೂ ಸೇರಿಸಿಕೊಂಡರೆ ಮುನ್ಸೂಚನೆ ಇನ್ನೂ ಸರಿಯಾಗುವುದಾದರೆ, ಮೊದಲನೆಯದು ಎರಡನೆಯದಕ್ಕೆ ಕಾರಣವೆನ್ನಬಹುದು ಎಂಬುದು ಅದರ ಸಾರ. ಉಪಯುಕ್ತವಾದ ಪರೀಕ್ಷೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಮ್ಮೂರ ನೀರುಗಂಟಿ ಮೋಡದ ಬಣ್ಣ ನೋಡಿ, ಇರುವೆಗಳು ಮೊಟ್ಟೆ ಕಚ್ಚಿಕೊಂಡು ಮೇಲೇರುವುದನ್ನು ನೋಡಿ, ಮಳೆಗೆ ಅರ್ಧದಿನ ಮುಂಚೆಯೇ ತೂಬನ್ನು ಎತ್ತುತ್ತಿದ್ದ. ತೂಬು ಎತ್ತಿದ ದಿನಗಳನ್ನೂ ಮಳೆ ಬಂದ ದಿನಗಳನ್ನೂ ಪುಸ್ತಕದಲ್ಲಿ ಬರೆದು ಲೆಕ್ಕ ಹಾಕಿದವನಿಗೆ ತೂಬೇ ಮಳೆಯ ಕಾರಣವಾಗಿ ತೋರುತ್ತದೆ. ವಿವೇಕವುಳ್ಳ ಕರ್ತೃವೊಬ್ಬನು ವ್ಯವಸ್ಥೆಯೊಳಗೆ ಇದ್ದಮೇಲೆ ಕಾಲಕ್ರಮವು ಹೀಗೆ ತಲೆಕೆಳಗಾಗಿ ಕಾಣುವುದು ಸಹಜ. ಮುನ್ಸೂಚಿಸುವುದು ಬೇರೆ, ಉಂಟುಮಾಡುವುದು ಬೇರೆ. ಮಳೆಗೆ ಮುನ್ನ ಕಪ್ಪೆ ಕೂಗುತ್ತದೆ. ಕಪ್ಪೆಯ ಬಾಯಿ ಕಟ್ಟಿದರೆ ಮಳೆ ನಿಲ್ಲದು. ನೋಡಿ ತಿಳಿಯುವುದಕ್ಕಿಂತ ಕೈಹಾಕಿ ತಿಳಿಯುವುದು ಇಲ್ಲಿ ಹೆಚ್ಚಿನ ಪ್ರಮಾಣ: ಉಳಿದುದನ್ನೆಲ್ಲ ಇದ್ದಂತೆಯೇ ಬಿಟ್ಟು ಇದೊಂದನ್ನು ನಾವೇ ಬದಲಿಸಿದರೆ ಅದು ಬದಲಾಗುವುದೇ? ಇದಿದ್ದರೆ ಅದುಂಟು, ಇದಿಲ್ಲದಿದ್ದರೆ ಅದಿಲ್ಲ ಎಂಬುದನ್ನು ಅನ್ವಯವ್ಯತಿರೇಕಗಳೆಂದು ಹಿರಿಯರು ಹೇಳಿದ್ದು ಕೇವಲ ಕಣ್ಣಿನ ವ್ಯಾಪಾರವಾಗದೆ ಕೈಯ ವ್ಯಾಪಾರವೂ ಆದಾಗ ಮಾತ್ರ ಕತ್ತೆಯೂ ದಂಡವೂ ಬೇರೆ ಬೇರೆಯಾಗಿ ನಿಲ್ಲುತ್ತವೆ.

ಒಳಹರಿವು ಹೊರಹರಿವುಗಳೆಂಬ ಹೆಸರುಗಳೂ ವಸ್ತುಗಳ ಮೈಮೇಲೆ ಬರೆದು ಬಂದವಲ್ಲ. ಕೋಲಾರ ತುಮಕೂರುಗಳ ಕಡೆ ಕೆರೆಗಳು ಒಂದರ ಕೆಳಗೊಂದು ಸಾಲಾಗಿವೆ. ಮೇಲಿನ ಕೆರೆಯ ಕೋಡಿಯೇ ಕೆಳಗಿನ ಕೆರೆಯ ಹಳ್ಳ. ಒಬ್ಬನೇ ಮನುಷ್ಯನು ಒಬ್ಬನಿಗೆ ಮಗನೂ ಇನ್ನೊಬ್ಬನಿಗೆ ತಂದೆಯೂ ಆಗುವಂತೆ, ಒಂದೇ ನೀರು ಒಂದು ಊರಿಗೆ ಕಾರ್ಯ, ಇನ್ನೊಂದು ಊರಿಗೆ ಕಾರಣ. ವಿದ್ಯುತ್ತಿನ ತಂತಿಯಲ್ಲಿ ಈ ಸಂಶಯ ಇನ್ನೂ ಆಳವಾಗುತ್ತದೆ: ರೋಧಕವೊಂದರ ಎರಡು ತುದಿಗಳ ನಡುವಣ ವೋಲ್ಟೇಜು ಕಾರಣವೋ, ಅದರಲ್ಲಿ ಹರಿಯುವ ಪ್ರವಾಹ ಕಾರಣವೋ? ಓಮನ ನಿಯಮವು ಎರಡಕ್ಕೂ ಸಮಾನವಾದ ಸಂಬಂಧವೊಂದನ್ನು ಹೇಳುತ್ತದೆಯೇ ಹೊರತು, ಯಾರು ಹಿರಿಯರೆಂಬುದನ್ನು ಹೇಳುವುದಿಲ್ಲ. ಹಾಲೆಂಡಿನ ಗ್ರೋನಿಂಗೆನ್ನಿನಲ್ಲಿ ಪ್ರಾಧ್ಯಾಪಕನಾಗಿದ್ದ ಯಾನ್ ವಿಲ್ಲೆಮ್ಸನು ಇದನ್ನು ಹಿಡಿದು, ವ್ಯವಸ್ಥೆಯೆಂದರೆ ಅದರಲ್ಲಿ ಸಂಭವಿಸಬಹುದಾದ ನಡೆಗಳ ಸಮೂಹವೆಂದು ಭಾವಿಸಬೇಕೇ ಹೊರತು, ಒಳಬರುವುದು ಹೊರಹೋಗುವುದು ಎಂಬ ಭೇದವನ್ನು ಮೊದಲೇ ಹೇರಬಾರದೆಂದು ಪ್ರತಿಪಾದಿಸಿದನು. ಅವನಿಗೂ ಬಹಳ ಮೊದಲೇ, 1912ರ ಕೊನೆಯಲ್ಲಿ ಲಂಡನ್ನಿನ ವಿದ್ವತ್ಸಭೆಯೊಂದರಲ್ಲಿ ಬರ್ಟ್ರೆಂಡ್ ರಸೆಲ್ಲನು, ಗ್ರಹಗಳ ಗುರುತ್ವಾಕರ್ಷಣೆಯ ಸೂತ್ರಗಳಲ್ಲಿ ಕಾರಣವೆಂಬ ಶಬ್ದಕ್ಕೆ ಎಡೆಯೇ ಇಲ್ಲವೆಂದು ವಾದಿಸಿದ್ದನು.

ಇವರಿಬ್ಬರ ಮಾತಿನಲ್ಲಿ ಸತ್ಯಾಂಶ ಇದೆ. ಪೂರ್ಣಸತ್ಯ ಇಲ್ಲವೆಂದು ನನ್ನ ನಂಬಿಕೆ. ಸಂಬಂಧವು ಸಮಾನವಾಗಿದ್ದರೂ ಕೈಯ ಪ್ರವೇಶವು ಸಮಾನವಲ್ಲ. ಮೇಲಿನ ಕೆರೆಯ ಕೋಡಿಯನ್ನು ಕಟ್ಟಿದರೆ ಕೆಳಗಿನ ಕೆರೆ ಬತ್ತುತ್ತದೆ. ಕೆಳಗಿನ ಕೆರೆಯನ್ನು ಒಡೆದರೆ ಮೇಲಿನದಕ್ಕೆ ಏನೂ ಆಗುವುದಿಲ್ಲ. ಕೆಳಗಿನ ಏರಿಯನ್ನು ಎತ್ತರಿಸಿ ಹಿನ್ನೀರು ಮೇಲಿನ ಕೋಡಿಯವರೆಗೂ ಚಾಚಿತೋ, ಆಗ ಮಾತು ಬೇರೆ: ಇಳಿದು ಹೋದ ನೀರೇ ಹಿಂದಕ್ಕೆ ಒತ್ತಿ ಮೇಲಿನ ಕೆರೆಯ ಮಟ್ಟವನ್ನು ಏರಿಸುತ್ತದೆ. ಒಳಗು ಹೊರಗುಗಳ ಗಡಿಯನ್ನು ಎಳೆಯುವವರು ನಾವು. ಆದರೆ ಎಳೆದ ಮೇಲೆ ಆ ಗಡಿಯನ್ನು ದಾಟಿ ಯಾವುದು ಯಾವ ಕಡೆಗೆ ಹರಿಯುತ್ತದೆಂಬುದು ನಮ್ಮ ಇಚ್ಛೆಗೆ ಅಧೀನವಲ್ಲ.

ಹಿನ್ನೀರಿನ ಮಾತು ಬಂದುದರಿಂದ ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಬಾಗಿಲುಗಳನ್ನು ನೆನೆಯದೆ ಮುಂದುವರಿಯಲಾರೆ. ಮುಂಬಯಿ ಪ್ರಾಂತದ ಸೇವೆಯಲ್ಲಿದ್ದಾಗ ಅವರು ಪುಣೆಯ ಬಳಿ ಮುಠಾ ನದಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಈ ಬಾಗಿಲುಗಳನ್ನು ರೂಪಿಸಿ, 1903ರಲ್ಲಿ ಅವುಗಳಿಗೆ ಹಕ್ಕುಪತ್ರ ಪಡೆದರು. ಅನಂತರ 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿಯ ಕಟ್ಟೆಯಲ್ಲಿಯೂ ಅದೇ ತತ್ತ್ವದ ಬಾಗಿಲುಗಳು ಬಂದುವು. ನೀರು ನಿಗದಿಯಾದ ಮಟ್ಟವನ್ನು ಮೀರಿದೊಡನೆ ಆ ನೀರೇ ತೂಕದ ಸಮತೋಲವನ್ನು ಬದಲಿಸಿ ಬಾಗಿಲನ್ನು ತೆರೆಯುತ್ತದೆ. ಮಟ್ಟ ಇಳಿದೊಡನೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಮನುಷ್ಯನ ಕೈ ಬೇಡ. ಇಲ್ಲಿ ಕಾರಣವಾವುದು, ಕಾರ್ಯವಾವುದು? ನೀರಿನ ಮಟ್ಟ ಬಾಗಿಲಿನ ಚಲನೆಗೆ ಕಾರಣ. ಬಾಗಿಲಿನ ಚಲನೆ ನೀರಿನ ಮಟ್ಟಕ್ಕೆ ಕಾರಣ. ಎಂಜಿನಿಯರರು ಫೀಡ್‌ಬ್ಯಾಕ್ ಎಂದು ಕರೆಯುವ ಈ ಸುತ್ತು ಮೇಲುನೋಟಕ್ಕೆ ನಮ್ಮ ತಾರ್ಕಿಕರು ದೋಷವೆಂದು ಎಣಿಸಿದ ಅನ್ಯೋನ್ಯಾಶ್ರಯವೇ ಸರಿ. ಆದರೆ ದೋಷವಲ್ಲ. ಈ ಕ್ಷಣದ ಮಟ್ಟವು ಮುಂದಿನ ಕ್ಷಣದ ಬಾಗಿಲಿಗೆ ಕಾರಣ, ಆ ಬಾಗಿಲು ಅದಕ್ಕೂ ಮುಂದಿನ ಕ್ಷಣದ ಮಟ್ಟಕ್ಕೆ ಕಾರಣ. ತಾನೇ ತನಗೆ ಕಾರಣವಾಗುವುದು ಎಲ್ಲಿಯೂ ಇಲ್ಲ. ಬೀಜದಿಂದ ಅಂಕುರ, ಅಂಕುರದಿಂದ ಬೀಜ ಎಂಬ ಸರಣಿಯನ್ನು ಪ್ರಾಮಾಣಿಕವಾದ ಅನವಸ್ಥೆಯೆಂದು ಒಪ್ಪಿಕೊಂಡ ಪ್ರಾಚೀನರು ಸುತ್ತಿಗೂ ಸುರುಳಿಗೂ ಇರುವ ಈ ಭೇದವನ್ನು ಬಲ್ಲವರಾಗಿದ್ದರು. ಸುರುಳಿಯಾದುದರಿಂದಲೇ ಅದು ಕ್ಷೇಮಕ್ಕೂ ಹೋಗಬಹುದು, ಕೇಡಿಗೂ ಹೋಗಬಹುದು. 1788ರಲ್ಲಿ ಜೇಮ್ಸ್ ವಾಟನು ಉಗಿಯಂತ್ರಕ್ಕೆ ಜೋಡಿಸಿದ ಎರಡು ಗುಂಡುಗಳ ವೇಗನಿಯಂತ್ರಕದ ವಂಶದವುಗಳನ್ನು 1868ರಲ್ಲಿ ಮ್ಯಾಕ್ಸ್‌ವೆಲ್ಲನು ಗಣಿತದಿಂದ ಪರೀಕ್ಷಿಸಿ, ಒಂದು ಸಣ್ಣ ಕ್ಷೋಭೆಯು ಕೆಲವು ಯಂತ್ರಗಳಲ್ಲಿ ತಾನಾಗಿ ಅಡಗುವುದನ್ನೂ, ಕೆಲವುಗಳಲ್ಲಿ ಸುತ್ತು ಸುತ್ತಿಗೂ ಬೆಳೆಯುತ್ತ ಹೋಗುವುದನ್ನೂ ತೋರಿಸಿದನು.

ಈ ಬಾಗಿಲುಗಳು ಕಾರ್ಯಕಾರಣವಿಚಾರಕ್ಕೆ ಒಡ್ಡುವ ನಿಜವಾದ ಸಂಕಟ ಇನ್ನೊಂದಿದೆ. ನನ್ನನ್ನು ಬಹುಕಾಲ ಕಾಡಿದುದು ಅದೇ. ಬಾಗಿಲು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ನೀರಿನ ಮಟ್ಟ ಸ್ಥಿರವಾಗಿರುತ್ತದೆ. ನದಿಯ ಪ್ರವಾಹ ಏರುತ್ತದೆ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ ಮುಚ್ಚುತ್ತದೆ, ಮಟ್ಟ ಮಾತ್ರ ಅಲುಗದು. ದೂರದಲ್ಲಿ ಕುಳಿತು ಲೆಕ್ಕದ ಪುಸ್ತಕವನ್ನು ಮಾತ್ರ ನೋಡುವವನು, "ಬಾಗಿಲು ಎಷ್ಟು ತೆರೆದರೂ ಮಟ್ಟದಲ್ಲಿ ವ್ಯತ್ಯಾಸವಿಲ್ಲ, ಆದುದರಿಂದ ಬಾಗಿಲಿಗೂ ಮಟ್ಟಕ್ಕೂ ಸಂಬಂಧವಿಲ್ಲ" ಎಂದು ಬರೆದಿಡುವನು. ಕಾರಣವು ಸಂಪೂರ್ಣವಾಗಿ ಸಫಲವಾದಲ್ಲಿ ಅದರ ಕಾರ್ಯವು ಅಗೋಚರವಾಗುತ್ತದೆ. ಬಿಸಿಲಿರಲಿ ಚಳಿಯಿರಲಿ ನಮ್ಮ ಮೈಯ ಕಾವು 37 ಡಿಗ್ರಿಯ ಆಸುಪಾಸಿನಲ್ಲಿಯೇ ನಿಂತಿರುವುದಕ್ಕಾಗಿ ಬೆವರೂ ನಡುಕವೂ ರಕ್ತಸಂಚಾರವೂ ಎಷ್ಟು ದುಡಿಯುತ್ತವೆಂಬುದು ಜ್ವರ ಬಂದಾಗಲ್ಲದೆ ನಮಗೆ ನೆನಪಾಗದು. ಹನ್ನೆರಡು ಮಂದಿ ಆಯಗಾರರಲ್ಲಿ ಒಬ್ಬನಾದ ನೀರುಗಂಟಿಗೆ ಸುಗ್ಗಿಯಲ್ಲಿ ಕೊಡಬೇಕಾದ ಆಯವನ್ನು, "ಕೆರೆಗೆ ಏನೂ ಆಗಿಯೇ ಇಲ್ಲವಲ್ಲ, ಇವನು ಮಾಡಿದ್ದೇನು?" ಎಂದು ಕಡಿಮೆ ಮಾಡಿದ ರೈತರನ್ನು ನಾನು ಕಂಡಿದ್ದೇನೆ. ಏನೂ ಆಗದಂತೆ ನೋಡಿಕೊಂಡದ್ದೇ ಅವನು ಮಾಡಿದ್ದು. ತಾಯಂದಿರ ವಿಷಯದಲ್ಲಿಯೂ ಲೋಕ ಹೀಗೆಯೇ ನಡೆದುಕೊಂಡಿದೆ. ಅನುಗ್ರಹವೆಂಬುದೊಂದಿದ್ದರೆ, ಮತ್ತು ಅದು ಉಂಟೆಂದೇ ನಾನು ನಂಬುತ್ತೇನೆ, ಅದಕ್ಕೆ ಪ್ರಮಾಣವನ್ನು ಕೇಳುವವರು ಈ ಸಂಗತಿಯನ್ನು ಒಂದು ಗಳಿಗೆ ಧ್ಯಾನಿಸಬೇಕು.

ಅನುಗ್ರಹದ ಮಾತು ನಮ್ಮನ್ನು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಒಂದು ಪ್ರಸಂಗಕ್ಕೆ ತರುತ್ತದೆ. ಒಬ್ಬನು ಸುಖಿ, ಒಬ್ಬನು ದುಃಖಿ. ಸೃಷ್ಟಿಸಿದವನಿಗೆ ಪಕ್ಷಪಾತವೂ ಕ್ರೌರ್ಯವೂ ಇರಬೇಕಲ್ಲವೆ ಎಂಬುದು ಆಕ್ಷೇಪ. ಶಂಕರರು ಭಾಷ್ಯದಲ್ಲಿ ಕೊಡುವ ದೃಷ್ಟಾಂತ ಮಳೆಯದು: ಈಶ್ವರನನ್ನು ಪರ್ಜನ್ಯದಂತೆ ಭಾವಿಸಬೇಕು. ಮಳೆಯು ಭತ್ತಕ್ಕೂ ಜವೆಗೂ ಸಾಧಾರಣವಾದ ಕಾರಣ; ಒಂದು ಭತ್ತವಾಗಿ ಇನ್ನೊಂದು ಜವೆಯಾಗಿ ಬೆಳೆಯುವುದಕ್ಕೆ ಆಯಾ ಬೀಜದೊಳಗಿನ ಅಸಾಧಾರಣ ಸಾಮರ್ಥ್ಯವೇ ಕಾರಣ. ಒಳಹರಿವು ಎಲ್ಲರಿಗೂ ಒಂದೇ, ಸ್ಥಿತಿ ಬೇರೆ ಬೇರೆ, ಆದುದರಿಂದ ಫಲ ಬೇರೆ ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಸಾಧ್ಯವೆ? ಸೂತ್ರಕಾರನು ಅಲ್ಲಿಗೇ ನಿಲ್ಲುವುದಿಲ್ಲ. ಹಾಗಾದರೆ ಮೊಟ್ಟಮೊದಲು, ಯಾವ ಕರ್ಮವೂ ಇಲ್ಲದಿದ್ದಾಗ, ಬೀಜಗಳಲ್ಲಿ ಭೇದವೆಲ್ಲಿಂದ ಬಂತು? ಗಣಿತಜ್ಞನು ಆರಂಭಸ್ಥಿತಿಯೆಂದು ಕಾಗದದ ಮೊದಲ ಸಾಲಿನಲ್ಲಿ ಬರೆದು, ಅದನ್ನು ಕೊಟ್ಟದ್ದೆಂದು ಒಪ್ಪಿ ಮುಂದುವರಿಯುವ ಸ್ಥಳ ಇದು. ವೇದಾಂತಿಯು ಸಂಸಾರ ಅನಾದಿಯೆನ್ನುತ್ತಾನೆ. ಇದನ್ನು ಕೆಲವರು ನುಣುಚಿಕೊಳ್ಳುವ ಉತ್ತರವೆಂದು ಹಳಿಯುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಮೊದಲ ಸಾಲನ್ನು ಯಾರು ಬರೆದರೆಂದು ಕೇಳುವವನಿಗೆ ಕಾಗದಕ್ಕೆ ಮೊದಲ ಸಾಲೇ ಇಲ್ಲವೆಂದು ಹೇಳುವುದು ಧೈರ್ಯದ ಉತ್ತರ.

ಆದರೆ ಕೆರೆಯ ದೃಷ್ಟಾಂತವನ್ನು ಜೀವನಿಗೆ ಅನ್ವಯಿಸುವಾಗ ಒಂದು ಸೂಕ್ಷ್ಮವನ್ನು ಸೇರಿಸಬೇಕು. ಪ್ರತಿಯೊಂದು ಮಳೆಯೂ ಕೆರೆಗೆ ನೀರನ್ನಷ್ಟೇ ಅಲ್ಲದೆ ಹೂಳನ್ನೂ ತರುತ್ತದೆ. ನೀರು ವರ್ಷ ವರ್ಷ ಬಂದು ಬತ್ತಿಹೋಗುತ್ತದೆ. ಕೋಡಿ ಬಿದ್ದಮೇಲಂತೂ ಹಿಂದಿನ ಕೊರತೆಯೆಲ್ಲ ಅಳಿಸಿಹೋಗುತ್ತದೆ. ಹೂಳು ಹೋಗದು. ಅದು ಅಂಗುಲ ಅಂಗುಲವಾಗಿ ತಳದಲ್ಲಿ ಕುಳಿತು, ತುಂಬುವ ಪಾತ್ರೆಯನ್ನೇ ಬದಲಿಸುತ್ತದೆ. ಐವತ್ತು ವರ್ಷಗಳ ಬಳಿಕ ಅದೇ ಮಳೆಗೆ ಅದೇ ಕೆರೆ ಬೇಗನೆ ಕೋಡಿ ಬಿದ್ದು ಬೇಗನೆ ಬತ್ತುತ್ತದೆ. ನಾವು ಮಾಡಿದ ಕರ್ಮವೂ ಹಾಗೆ ಎರಡು ಬಗೆಯ ಗುರುತನ್ನು ಬಿಡುತ್ತದೆ: ಒಂದು ಉಂಡು ತೀರುವಂಥದು, ಇನ್ನೊಂದು ಉಣ್ಣುವವನನ್ನೇ ಬೇರೆಯವನನ್ನಾಗಿ ಮಾಡುವಂಥದು. ಮನೆಯಲ್ಲಿ ಯಾರೋ ಆಡಿದ ಒಂದು ಸಣ್ಣ ಮಾತಿಗೆ ಕೆಂಡವಾಗುವ ಗೃಹಸ್ಥನು, ಆ ಮಾತೇ ತನ್ನ ಕೋಪಕ್ಕೆ ಕಾರಣವೆಂದು ಪ್ರಾಮಾಣಿಕವಾಗಿಯೇ ನಂಬಿರುತ್ತಾನೆ. ಅವನದು ಅಜ್ಜನ ಉತ್ತರ, ಚಿತ್ತೆಯ ಮಳೆ. ಹತ್ತು ವರ್ಷಗಳ ಹೂಳು ಅವನ ಲೆಕ್ಕದಲ್ಲಿ ಇಲ್ಲ. ನಾನೇ ಅಂಥ ಗೃಹಸ್ಥನಾಗಿ ಎಷ್ಟೋ ಸಂಜೆಗಳನ್ನು ಕೆಡಿಸಿದ್ದೇನೆ, ಮಾತನಾಡಿದವರ ಮೇಲೆ ಎಷ್ಟೋ ಸಲ ಅನ್ಯಾಯವಾದ ಹೊಣೆಯನ್ನು ಹೊರಿಸಿದ್ದೇನೆ. ಈ ಬರವಣಿಗೆಗೆ ನನ್ನನ್ನು ಪ್ರೇರಿಸಿದುದರಲ್ಲಿ ಆ ಪಶ್ಚಾತ್ತಾಪವೂ ಒಂದು.

ಹಾಗೆಂದು ಎಲ್ಲವನ್ನೂ ಹಿಂದಿನದರ ತಲೆಗೆ ಕಟ್ಟುವುದೂ ಸಲ್ಲದು. ಯೋಗವಾಸಿಷ್ಠದಲ್ಲಿ ವಸಿಷ್ಠರು ರಾಮನಿಗೆ ಹೇಳುವ ಪ್ರಕಾರ, ದೈವವೆಂಬುದು ನಮ್ಮದೇ ಹಿಂದಿನ ಪೌರುಷಕ್ಕೆ ಇನ್ನೊಂದು ಹೆಸರು. ಹಿಂದಿನ ಪೌರುಷವೂ ಇಂದಿನ ಪೌರುಷವೂ ಎರಡು ಟಗರುಗಳಂತೆ ಕಾದಾಡುತ್ತವೆ, ಬಲವುಳ್ಳದ್ದು ಗೆಲ್ಲುತ್ತದೆ. ಸ್ಥಿತಿಯೂ ಒಳಹರಿವೂ ಬೇರೆ ಬೇರೆ ಜಾತಿಯ ಕಾರಣಗಳಲ್ಲ. ಇಂದಿನ ಒಳಹರಿವೇ ನಾಳಿನ ಸ್ಥಿತಿ. ಬೇಸಗೆಯಲ್ಲಿ ಕೆರೆ ಒಣಗಿದಾಗ ಊರವರೆಲ್ಲ ಗುದ್ದಲಿ ಬುಟ್ಟಿ ಹಿಡಿದು ಹೂಳೆತ್ತುತ್ತಿದ್ದುದನ್ನು ಕಂಡವನಿಗೆ ಈ ಮಾತು ಕೇವಲ ಪುರಾಣವೆನಿಸದು.

ಇನ್ನು ಉಳಿದುದು ಒಂದೇ ಪ್ರಶ್ನೆ. ಅದನ್ನು ಬಿಡಿಸುವ ಶಕ್ತಿ ನನಗಿದೆಯೆಂದು ಹೇಳಲಾರೆನಾದರೂ ಕೇಳದೆ ಇರಲಾರೆ. ಕೆರೆಗೆ ಹೊರಗೆಂಬುದುಂಟು, ಅಲ್ಲಿಂದ ಮಳೆ ಬರುತ್ತದೆ. ಬಾಗಿಲಿಗೆ ಹೊರಗೆಂಬುದುಂಟು, ಅಲ್ಲಿಂದ ನದಿ ಬರುತ್ತದೆ. ಗಡಿಯನ್ನು ಹಿಗ್ಗಿಸುತ್ತ ಹಿಗ್ಗಿಸುತ್ತ ಹೋಗಿ ಸಮಸ್ತ ವಿಶ್ವವನ್ನೂ ಒಂದೇ ವ್ಯವಸ್ಥೆಯಾಗಿ ಕಲ್ಪಿಸಿಕೊಂಡರೆ ಅದಕ್ಕೆ ಒಳಹರಿವು ಎಲ್ಲಿಂದ? ಹೊರಗೇ ಇಲ್ಲದ ಮೇಲೆ ಬರುವುದೇನು, ಹೋಗುವುದೇನು? ಕುಂಬಾರನು ಗಡಿಗೆಯ ಹೊರಗಿರುವಂತೆ ಈಶ್ವರನು ಜಗತ್ತಿನ ಹೊರಗಿದ್ದು ನಿಮಿತ್ತಕಾರಣನಾಗಿದ್ದಾನೆಂದು ನೈಯಾಯಿಕರು ಹೇಳಿದರು. ಮಧ್ವಾಚಾರ್ಯರೂ ಅವನನ್ನು ಗಡಿಗೆಗೆ ಮಣ್ಣಿನಂಥ ಉಪಾದಾನವೆಂದು ಒಪ್ಪದೆ, ಸರ್ವಸ್ವತಂತ್ರನಾದ ನಿಮಿತ್ತಕಾರಣನೆಂದೇ ಸಾಧಿಸಿದರು. ನಿಮಿತ್ತವೂ ಉಪಾದಾನವೂ ಒಂದೇ ಎಂದ ವೇದಾಂತಿಗಳಲ್ಲಿ, ಮೇಲುಕೋಟೆಯಲ್ಲಿ ಬಹುಕಾಲ ನೆಲೆಸಿದ್ದ ರಾಮಾನುಜರ ಮಾತು ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾಗಿದೆ. ಅವರ ಸಿದ್ಧಾಂತದಲ್ಲಿ ಕಾರಣವೂ ಕಾರ್ಯವೂ ಎರಡು ವಸ್ತುಗಳಲ್ಲ, ಒಂದೇ ವಸ್ತುವಿನ ಎರಡು ಅವಸ್ಥೆಗಳು: ಚಿತ್ತೂ ಅಚಿತ್ತೂ ಸೂಕ್ಷ್ಮವಾಗಿ ಶರೀರವಾಗಿರುವಾಗ ಬ್ರಹ್ಮಕ್ಕೆ ಕಾರಣಾವಸ್ಥೆ, ಸ್ಥೂಲವಾಗಿ ಶರೀರವಾಗಿರುವಾಗ ಕಾರ್ಯಾವಸ್ಥೆ. ಹೊರಗಿಲ್ಲದ ವ್ಯವಸ್ಥೆಯಲ್ಲಿ ಒಂದು ಸ್ಥಿತಿಯು ಇನ್ನೊಂದು ಸ್ಥಿತಿಯಾಗಿ ಅರಳುವುದಷ್ಟೇ ಉಳಿಯುತ್ತದೆಂಬ ಗಣಿತಜ್ಞನ ಮಾತಿಗೂ ಇದಕ್ಕೂ ಎಷ್ಟು ಸಾಮೀಪ್ಯ! ಆದರೆ ಗಣಿತಜ್ಞನ ವಿಶ್ವದಲ್ಲಿ ಪ್ರಾರ್ಥನೆಗೆ ಎಡೆಯಿಲ್ಲ, ಏಕೆಂದರೆ ಕೇಳುವವನು ಹೊರಗಿಲ್ಲ. ರಾಮಾನುಜರಲ್ಲಿ ಉಂಟು, ಏಕೆಂದರೆ ಕೇಳುವವನು ಒಳಗಿದ್ದಾನೆ.

ಅಂದು ಕೋಡಿಯ ಬಳಿ ನಮ್ಮ ಅಜ್ಜಿ ಮೊರದ ಬಾಗಿನವನ್ನು ಸಿದ್ಧಮಾಡಿಕೊಂಡು ಬಂದಿದ್ದರು. ಆ ಕೆರೆಯ ನೀರಿನಲ್ಲಿಯೇ ಬೆಳೆದ ಅಕ್ಕಿ, ಅದೇ ಏರಿಯ ಕೆಳಗಿನ ತೋಟದ ತೆಂಗಿನಕಾಯಿ, ವೀಳೆಯದೆಲೆ, ಅರಿಸಿನ ಕುಂಕುಮ. ಸೊಂಟದವರೆಗೆ ನೀರಿಗಿಳಿದು, ಗಂಗಮ್ಮನನ್ನು ನೆನೆದು, ಮೊರವನ್ನು ಮೆಲ್ಲನೆ ಬಿಟ್ಟರು. ಅದು ಒಂದು ಸುತ್ತು ತಿರುಗಿ, ಕೋಡಿಗಲ್ಲಿನ ಮೇಲೆ ಒಂದು ಕ್ಷಣ ನಿಂತು, ನೊರೆಯೊಡನೆ ಆಚೆಗೆ ಇಳಿಯಿತು. ನಾನು ಏರಿಯ ಮೇಲೆ ಓಡುತ್ತ ಹೋಗಿ ನೋಡಿದೆ: ಕೆಳಗಿನ ಹಳ್ಳದ ಎರಡು ದಡಗಳಲ್ಲಿಯೂ ಮುಂದಿನ ಊರಿನ ಹುಡುಗರು ನಿಂತು, ತಮ್ಮ ಕೆರೆಯ ಕಡೆಗೆ ತೇಲಿಬರುತ್ತಿದ್ದ ಆ ಮೊರವನ್ನು ಒಬ್ಬರಿಗೊಬ್ಬರು ಕೈಚಾಚಿ ತೋರಿಸುತ್ತಿದ್ದರು.